ಮರಕ್ಕೆ ಕಿವಿಗೊಟ್ಟ ಕೈ

ನಮ್ಮ ಚಾಳಿನ ಮೆಟ್ಟಿಲು ಕುಸಿದಾಗ ಬಲಗೈ ಕಳೆದುಕೊಂಡವರು, ಅದರ ಮರ ಬೇಡವೆಂದು ಹೇಳಿದ್ದ ಒಬ್ಬರೇ ಒಬ್ಬರು. ಮರ ತಂದ ಗುತ್ತಿಗೆದಾರನಿಗೆ ಏನೂ ಆಗಲಿಲ್ಲ. ಒಪ್ಪಿಗೆ ಕೊಟ್ಟ ಮಾಲೀಕನಿಗೂ ಆಗಲಿಲ್ಲ. ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳದ ನಮಗಂತೂ ಒಂದು ಗೀರೂ ತಾಗಲಿಲ್ಲ.

ಕಳೆದ ವಾರ ಸಾಂತಾಕ್ರೂಜ್‌ನ ಗಲ್ಲಿಯೊಂದರಲ್ಲಿ ಹಳೆಯ ಬಂಗಲೆಯನ್ನು ಕೆಡವುತ್ತಿದ್ದರು. ಯಾರೋ ಅದರ ತೊಲೆಯನ್ನು ಗರಗಸದಿಂದ ಕೊಯ್ಯುತ್ತಿದ್ದರು. ಎಣ್ಣೆ ಕುಡಿದ ಹಳೆಯ ಚರ್ಮದಂತಹ ತೇಗದ ವಾಸನೆ ತಾಗಿದ್ದೇ ನಾನು ನಿಂತುಬಿಟ್ಟೆ. ನಮ್ಮ ಚಾಳಿನ ಬಡಗಿ ಕಾಕಾ ನೆನಪಾದರು...

ವಿಜಯಪುರದ ಕಡೆಯಿಂದ ಬಂದು ನಮ್ಮ ಕೆಳಮಹಡಿಯ ಖೋಲಿಯಲ್ಲಿದ್ದ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಚಾಳಿನ ಮರದ ಮೆಟ್ಟಿಲು ಹೊಸದಾಗಿ ಕಟ್ಟಬೇಕೆಂದಾಗ, ಮರ ಆರಿಸುವ ಕೆಲಸವನ್ನು ಬಾಡಿಗೆದಾರರ ಕಮಿಟಿ ಅವರಿಗೆ ವಹಿಸಿತು. ಕಾಲೇಜು ಓದುತ್ತಿದ್ದ ನಾನು ಕಮಿಟಿಯ ಅರ್ಜಿಗಳನ್ನು ಬರೆಯುವವಳು; ಅವರ ಜೊತೆ ಕಾಂದಿವಲಿಯ ಹಳೆಮರದ ವಖಾರಿಗೆ ಹೋದೆ.

ಅಲ್ಲಿ ಅವರು ಕಣ್ಣಿಗಿಂತ ಮೊದಲು ಕೈಯನ್ನು ನಂಬಿದರು. ಬೆರಳ ಗೆಣ್ಣಿನಿಂದ ಒಂದೊಂದು ತೊಲೆಯನ್ನೂ ಕುಟ್ಟಿ, ತಲೆ ಓರೆ ಮಾಡಿ ಆಲಿಸಿದರು. ಹದಿನೈದನ್ನು ಬಿಟ್ಟು, ಮೊಳೆಯ ತೂತುಗಳಿಂದ ತುಂಬಿದ ಕರಿಯ ತೇಗದ ತೊಲೆಯೊಂದರ ಬಳಿ ನಿಂತರು. ಅದರ ತುದಿಯನ್ನು ನೀರಿನಿಂದ ಒರೆಸಿ ನನ್ನನ್ನು ಕರೆದರು.

“ಉಗುರಿನಗಲದಾಗ ಎಷ್ಟು ಗೆರಿ ಅದಾವ, ಎಣಸು ನೋಡೂಣು.”

ಎಣಿಸಿದೆ. ಎರಡು ಬಾರಿ ತಪ್ಪಿದೆ.

“ಒಂದೊಂದು ಗೆರಿ ಒಂದೊಂದು ವರ್ಷ. ನಿನ್ನ ವಯಸ್ಸು ಒಂದು ಉಗುರಿಗೆ ಸಾಲೂದಿಲ್ಲವ್ವಾ.”

ಬಳಿಕ ಉಜ್ಜುಗೊರಡನ್ನು ಒಮ್ಮೆ ಎಳೆದರು. ಆ ಮಸಿಯ ಅಡಿಯಿಂದ ಜೇನಿನ ಬಣ್ಣದ ಚೇಗು, ಮರದ ಗಟ್ಟಿ ತಿರುಳು, ಹೊರಬಂತು. ಯಾವ ಮನೆಯ ಮಾಡನ್ನು ಎಷ್ಟು ತಲೆಮಾರು ಹೊತ್ತಿತ್ತೋ, ಆ ಮರ ಈಗಷ್ಟೇ ಕಣ್ಣು ಬಿಟ್ಟಂತಿತ್ತು. ಅಷ್ಟು ದೊಡ್ಡದೊಂದು ಕಾಲದ ಎದುರು ನಾನು ಅದುವರೆಗೆ ನಿಂತಿರಲಿಲ್ಲ.

ಕಮಿಟಿಯ ಸಭೆಯಲ್ಲಿ ಆ ಹಳೆಯ ತೊಲೆ ಬೇಡವೆಂದು ಮೊದಲು ಹೇಳಿದವಳು ನನ್ನ ಅಮ್ಮ. “ಕೆಡವಿದ ಮನೆಯ ಮರವಾ? ಅದರ ಅಡಿಯಲ್ಲಿ ಯಾರ್ಯಾರು ಸತ್ತಿದ್ದಾರೋ ಏನೋ. ನಮಗೆ ಬೇಡ ಮಾರಾಯ್ರೆ.”

“ಅಕ್ಕಾರ, ಲೋಕಲ್ ಗಾಡ್ಯಾಗ ದಿನಾ ಅಡ್ಡಾಡ್ತೀರಿ. ಅದರ ಅಡಿಗೆ ಯಾರ್ಯಾರು ಸತ್ತಾರಂತ ಕೇಳಿ ಹತ್ತತೀರೇನ್ರಿ?” ಎಂದರು ಕಾಕಾ.

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. “ಮನಿ ಬಿದ್ದದ್ರಿ, ಮರ ಬಿದ್ದಿಲ್ಲ. ಇದು ಒಣಗೂದು ಎಂದೋ ಒಣಗೇದ, ಇನ್ನ ಸೊಟ್ಟ ಆಗೂದಿಲ್ಲ” ಎಂದರು. ಆದರೂ ಸತ್ತವರ ಮನೆಯ ಮರ ಮೆಟ್ಟುವುದು ಅಶುಭವೆಂಬ ಭಯಕ್ಕೇ ಕೈಗಳೆದ್ದವು. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ಪಡೆದಿದ್ದ ನಾನು, ಅಮ್ಮನ ಪಕ್ಕ ಸುಮ್ಮನೆ ಕುಳಿತಿದ್ದೆ. ಆ ಮೌನವನ್ನೂ ನಮ್ಮ ತಪ್ಪುಗಳ ಪಟ್ಟಿಗೆ ಸೇರಿಸುತ್ತೇನೆ.

ಮಾಲೀಕನ ಗುತ್ತಿಗೆದಾರ ತಂದ ಹೊಸ ಹಲಗೆಗಳಿಗೆ ಮೊದಲೇ ಕೆಂಪು ಬಣ್ಣ ಬಳಿದಿತ್ತು. ಕಾಕಾ ಉಳಿಯಿಂದ ಕೆರೆದರು. ಒಳಗೆ ಬೆಳ್ಳಗೆ, ಹಸಿಹಸಿ. “ಚೇಗ ಇಲ್ರೀ ಇದರಾಗ. ನಾ ಜೋಡಿಸೂದಿಲ್ಲ.”

“ಚಾಚಾ, ಕಾಗಜ್ ಪೇ ಹಾರ್ಡ್‌ವುಡ್ ಲಿಖಾ ಹೈ. ಯೇ ಭೀ ಹಾರ್ಡ್‌ವುಡ್ ಹೈ,” ಎಂದ ಗುತ್ತಿಗೆದಾರ. ಕಾಗದದಲ್ಲಿ ಬರೆದಿರುವುದು ಹಾರ್ಡ್‌ವುಡ್, ಇದೂ ಹಾರ್ಡ್‌ವುಡ್ಡೇ ಎಂದು ಅವನ ವಾದ.

ಅವನು ಸುಳ್ಳು ಹೇಳಿರಲಿಲ್ಲ, ಅದೇ ಅನ್ಯಾಯ. ಅಗಲ ಎಲೆಯ ಮರವೆಲ್ಲ ಆ ಪದದೊಳಗೆ ಬರುತ್ತದೆ. ತೇಗವೂ ಬರುತ್ತದೆ, ಬೆರಳೊತ್ತಿದರೆ ತಗ್ಗಿಬಿಡುವ ಬೂರುಗವೂ ಬರುತ್ತದೆ. ಕಾಕಾರನ್ನು ಕೆಲಸದಿಂದ ತೆಗೆದರು. ಬೇರೆ ಬಡಗಿ ಬಂದ.

ಎರಡನೆಯ ಮಳೆಗಾಲಕ್ಕೆ ಮೆಟ್ಟಿಲು ಜಗ್ಗತೊಡಗಿತು. ಮಾಲೀಕನಿಗೆ ನಾನು ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಯಾರೂ ಹೇಳದೆ ಕಾಕಾ ಒಂದು ಬೆಳಿಗ್ಗೆ ಅದರ ಅಡಿಗೆ ಹೋಗಿ, ಹಳೆಯ ತೇಗದ ತುಂಡೊಂದನ್ನು ಆಸರೆಯಾಗಿ ಕೊಡುತ್ತಿದ್ದರು. ಮೇಲೆ ಯಾರೂ ಇರಲಿಲ್ಲ. ಮೆಟ್ಟಿಲು ತನ್ನ ಭಾರಕ್ಕೇ ಮುರಿದು ಅವರ ಬಲಗೈ ಮೇಲೆ ಬಿತ್ತು...

ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆ ನಮ್ಮ ಬಾಗಿಲಿನ ಚೌಕಟ್ಟನ್ನು ಎಡಗೈಯಿಂದ ಕುಟ್ಟಿ ನೋಡಿದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

“ಈ ಕೈಗೆ ಕೇಳಸೂದಿಲ್ಲವ್ವಾ,” ಎಂದರು ನನಗೆ.

ಆಮೇಲೆ ಊರಿಗೆ ಹೋದರು. ತೀರಿಕೊಂಡ ಸುದ್ದಿ ನಮ್ಮನ್ನು ತಲುಪುವಾಗ ತಿಂಗಳುಗಳೇ ಕಳೆದಿದ್ದವು. ಅವರಿಗೆ ತಿಳಿದದ್ದನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಅದು ಆ ಕೈಯೊಂದಿಗೇ ಹೋಯಿತು.

ಈಗ ಅದೇ ಚಾಳು ಮತ್ತೆ ದುರಸ್ತಿಗೆ ಬಂದಿದೆ. ಅಂಟಿಸಿದ ನೋಟೀಸಿನಲ್ಲಿ ಮರದ ಬಗ್ಗೆ ಇರುವುದು ಮತ್ತೆ ಅದೊಂದೇ ಪದ, ಹಾರ್ಡ್‌ವುಡ್. ಅದಕ್ಕೆ ಸಹಿ ಹಾಕಿರುವ ಅಧಿಕಾರಿಗಳೇ, ಮಾಲೀಕರೇ, ಯಾವ ಮರವೆಂದು ಹೆಸರು ಬರೆಯಿರಿ. ಬಣ್ಣ ಬಳಿಯುವ ಮೊದಲು ಪ್ರತಿ ತೊಲೆಯ ತುದಿಯನ್ನು ಬಾಡಿಗೆದಾರರ ಎದುರಿಗೇ ಕೊಯ್ದು ತೋರಿಸಿ. ಬಡಗಿ ಒಲ್ಲೆನೆಂದರೆ ಕಾರಣವನ್ನು ಅವನ ಮಾತಿನಲ್ಲೇ ದಾಖಲಿಸಿ, ಆ ಮರವನ್ನು ವಾಪಸು ಕಳಿಸಿ. ಬಡಗಿಯನ್ನಲ್ಲ.