ಕಮಲಾಪುರದ ಮುಷ್ಟಿ ಶೇಂಗಾ

ಬಸ್ಸು ಬಿಡುವ ಹೊತ್ತಿಗೆ ಕಡೆಯ ಸೀಟಿನಲ್ಲಿ ಇದ್ದವರು ನಾವಿಬ್ಬರೇ: ನಾನು ಮತ್ತು ನನ್ನ ತಂಗಿಯ ಮಗಳು ಅಂಬಿಕಾ. ಕಾಲ ಬಳಿ ಸುತ್ತಿಟ್ಟ ಮೂರು ಪ್ಲಾಸ್ಟಿಕ್ ತಾಡಪತ್ರಿ, ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಕಂಡಕ್ಟರ್. ತಾಡಪತ್ರಿಗಳನ್ನು ಬೆಳಿಗ್ಗೆ ಜಗತ್ ಸರ್ಕಲ್ ಬಳಿಯ ಅಂಗಡಿಯೊಂದರಲ್ಲಿ ಕೊಂಡಿದ್ದೆವು. ಅಂಗಡಿಯವ ಒಂದೊಂದನ್ನೂ ಬಿಚ್ಚಿ ಬಿಸಿಲಿಗೆ ಹಿಡಿದು, "ದೇಖೋ ಅಮ್ಮಾ, ಒಂದು ತೂತು ಸಿಕ್ರ ನನ್ನ ಹೆಸರು ಬದಲ್ ಮಾಡ್ರಿ" ಎಂದು ಆಣೆಯಿಟ್ಟು ಕೊಟ್ಟಿದ್ದ. ಕಂಡಕ್ಟರ್ ನಮ್ಮಿಬ್ಬರ ಆಧಾರ್ ಕಾರ್ಡ್ ನೋಡಿ ಬಿಟ್ಟಿ ಟಿಕೀಟು ಕೊಟ್ಟ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು.

"ಇವೂ ಹೆಣ್ಮಕ್ಕಳೇನ್ರಿ?"

"ಹೆಣ್ಮಕ್ಕಳ ಕೆಲಸಕ್ಕ ಹೊಂಟಾವ್ರಿ ಅಣ್ಣ," ಎಂದಳು ಅಂಬಿಕಾ.

"ಹಂಗಾದ್ರ ಆಧಾರ್ ಕಾರ್ಡ್ ತೋರಸ್ರಿ. ಇಲ್ಲಂದ್ರ ಲಗೇಜ್ ಟಿಕೀಟ ತಗಸ್ರಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಂಬಿಕಾ ಲಗೇಜಿನ ಹಣ ಕೊಟ್ಟಳು.

ನಾನು ಹಿಂದಿನ ದಿನ ಧಾರವಾಡದಿಂದ ಬಂದು ಕುಸನೂರಿನಲ್ಲಿ ಅವಳ ಮನೆಯಲ್ಲಿ ಇಳಿದುಕೊಂಡಿದ್ದೆ. ಬಾಣಂತನಕ್ಕೋ ಮದುವೆಗೋ ಬಂದವಳಲ್ಲ, ಸುಮ್ಮನೆ ಬಂದವಳು. "ಸುಮ್ಮನೆ ಮನ್ಯಾಗ ಕುಂತು ಏನ್ ಮಾಡ್ತಿ ದೊಡ್ಡವ್ವ, ನನ್ನ ಜೋಡಿ ಕಮಲಾಪುರಕ್ಕ ಬಾ. ಕೆಂಪು ಬಾಳೆಹಣ್ಣು ತಿಂದು ಬರಾಕಾದ್ರೂ ಬಾ," ಎಂದು ಎಬ್ಬಿಸಿದ್ದಳು. ಹಣ್ಣಿನ ಹೆಸರು ಹೇಳಿದರೆ ನಾನು ಏಳುತ್ತೇನೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಅಂಬಿಕಾ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಬಿತ್ತುವ ಬೀಜ ಯಾವುದಿರಬೇಕು ಎಂಬಲ್ಲಿಂದ ಹಿಡಿದು, ಬೆಳೆದದ್ದನ್ನು ಹೇಗೆ ಒಣಗಿಸಬೇಕು, ಎಲ್ಲಿ ಇಡಬೇಕು, ಅಡಿಗೆಮನೆಯಲ್ಲಿ ಯಾವುದನ್ನು ಉಣ್ಣಬಹುದು, ಯಾವುದನ್ನು ಉಣ್ಣಬಾರದು ಎಂಬಲ್ಲಿಗೆ ಮುಟ್ಟುವ ಕೆಲಸ. ಈ ಸಲ ಶೇಂಗಾ ಕೀಳುವ ಹೊತ್ತಿಗೇ ಮಳೆ ಹಿಡಿದಿತ್ತು. ಕಾಯಿ ಹಸಿಯಿದ್ದಾಗಲೇ ಚೀಲ ಸೇರಿದ್ದವು. ಅದಕ್ಕೇ ಅವಳಿಗೆ ಆತುರ.

ತಾಜಸುಲ್ತಾನಪುರದ ಕಡೆ ಹೋಗುವವರು ಮೊದಲೇ ಇಳಿದರು. ಹುಮನಾಬಾದ್ ದಾರಿ ಹಿಡಿದ ಮೇಲೆ ಎರಡೂ ಕಡೆ ತೊಗರಿ ಹಳದಿ ಹೂವಿಗೆ ಬಂದಿತ್ತು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ಚಹಾ ಕುಡಿದೆವು. ಸಕ್ಕರೆಯೇ ಮುಂದೆ, ಚಹಾ ಹಿಂದೆ. ಅಲ್ಲಿಂದ ಮುಂದೆ ಕರಿಮಣ್ಣು ಬಿಟ್ಟು ಕೆಮ್ಮಣ್ಣು ಕಾಣತೊಡಗಿತು. ನಲವತ್ತು ಕಿಲೋಮೀಟರೂ ಆಗದ ದಾರಿ. ಕಮಲಾಪುರದಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ರಸ್ತೆ ಬದಿಯ ಗಾಡಿಗಳಲ್ಲಿ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ನಾನು ಅತ್ತ ತಿರುಗಿದೆ. "ತಿರುಗಿ ಹೋಗೂ ಮುಂದ ತಿನ್ನೂಣು ದೊಡ್ಡವ್ವ," ಎಂದು ಅಂಬಿಕಾ ಒಂದು ತಾಡಪತ್ರಿಯನ್ನು ನನ್ನ ಹೆಗಲಿಗೇರಿಸಿದಳು.

ನಾವು ಹೋದದ್ದು ನೀಲಮ್ಮನವರ ಮನೆಗೆ. ಅರವತ್ತು ದಾಟಿದ, ಬಾಯಿ ಜೋರಾದ, ಮಹಿಳಾ ಸಂಘಕ್ಕೆ ಹಿರಿಯಳಾದ ಹೆಂಗಸು. ಅವರ ಪಡಸಾಲೆಗೆ ಶಹಾಬಾದ ಕಲ್ಲು ಹಾಸಿದೆ, ಕಾಲಿಟ್ಟರೆ ತಣ್ಣಗೆ. ಏಳೆಂಟು ಮಂದಿ ಆಗಲೇ ಕೂತಿದ್ದರು. ಗೋಡೆಯ ಗುಂಟ ಬಟ್ಟೆಯ ಗಂಟುಗಳು ಸಾಲಾಗಿದ್ದವು.

ಆ ಗಂಟುಗಳ ವಿಷಯ ಮೊದಲು ಹೇಳಿಬಿಡಬೇಕು. ಅಮಾವಾಸ್ಯೆಗೊಮ್ಮೆ ಈ ಸಂಘದವರು ಊರ ಮುಂದಿನ ಬೇವಿನ ಕಟ್ಟೆಯ ಬಳಿ ದಾಸೋಹ ಮಾಡುತ್ತಾರೆ. ಶಾಲೆಯ ಮಕ್ಕಳು, ಕೂಲಿಯವರು, ದಾರಿಹೋಕರು, ಯಾರು ಬಂದರೂ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಚಟ್ನಿಗೆ ಮನೆಗೊಂದು ಮುಷ್ಟಿ ಶೇಂಗಾ ಬರಬೇಕು. ಮುಷ್ಟಿ ಎಂಬುದು ಹೆಸರಿಗೆ. ಉಳ್ಳವರು ಸೇರುಗಟ್ಟಲೆ ತರುತ್ತಾರೆ. ಆದರೆ ಈಗ ಪದ್ಧತಿ ಒಂದೇ: ಬಂದ ಮುಷ್ಟಿಯನ್ನು ತಿರುಗಿ ಕಳಿಸುವಂತಿಲ್ಲ. ಯಾರದೇ ಇರಲಿ, ಹೇಗೇ ಇರಲಿ, ಗುಡ್ಡೆಗೆ ಸೇರಲೇಬೇಕು. ಮರುದಿನವೇ ಅಮಾವಾಸ್ಯೆ.

ಅಂಬಿಕಾ ಪಾಠ ಶುರು ಮಾಡಿದಳು. ಒಣಗಿದ ಶೇಂಗಾಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಕಾಳು ಗಿಲಿಗಿಲಿ ಎನ್ನಬೇಕು. ಎನ್ನದಿದ್ದರೆ ಇನ್ನೂ ಹಸಿ. ನೆಲದ ಮೇಲಲ್ಲ, ತಾಡಪತ್ರಿಯ ಮೇಲೆ ಒಣಗಿಸಬೇಕು. ಚೀಲವನ್ನು ಹಲಗೆಯ ಮೇಲಿಡಬೇಕು. ಹೆಂಗಸರೆಲ್ಲ ಒಂದೊಂದು ಕಾಯಿಯನ್ನು ಕಿವಿಗೆ ಹಿಡಿದು ಕೂತದ್ದು ನೋಡಿ ನನಗೆ ಎಲ್ಲರೂ ಫೋನಿನಲ್ಲಿ ಮಾತಾಡುತ್ತಿದ್ದಾರೋ ಎನಿಸಿತು.

"ಮುಗ್ಗಿದ ಕಾಳು, ಬೂಷ್ಟು ಹಿಡಿದ ಕಾಳು ತಿನಬಾರದು," ಎಂದಳು ಅಂಬಿಕಾ.

"ಅದಕ್ಕ ನನ್ನ ಹತ್ರ ಮದ್ದ ಅದ ಅಂಬಿಕವ್ವ," ಎಂದರು ನೀಲಮ್ಮ. "ಕಾಳು ತುಸು ಮುಗ್ಗಿದ್ರ ಇನ್ನೊಂದು ಕಟಗಿ ಹೆಚ್ಚಿಗಿ ಹಾಕಿ ಕರಿ ಆಗೂ ಹಂಗ ಹುರೀತೀನಿ. ಬಳ್ಳೊಳ್ಳಿ ಎರಡರಷ್ಟು. ಯಾರ ಅಪ್ಪಗೂ ಗೊತ್ತಾಗಂಗಿಲ್ಲ."

"ಮುಗ್ಗ ವಾಸನಿ ಹೋಗ್ತದ ಅಮ್ಮಾ, ವಿಷ ಹೋಗಂಗಿಲ್ಲ. ಎಷ್ಟು ಹುರದ್ರೂ ಹೋಗಂಗಿಲ್ಲ. ಅದು ಕುಂತು ಕುಂತು ಲಿವರ್ ತಿಂತದ. ಸಣ್ಣ ಮಕ್ಕಳಿಗಂತೂ ಇನ್ನೂ ಕೆಟ್ಟ."

ನೀಲಮ್ಮನವರ ನಗೆ ಅಲ್ಲೇ ನಿಂತಿತು. ಹುರಿದರೆ ಎಲ್ಲ ಹೋಗುತ್ತದೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದಳು, ನಾನೂ ನಂಬಿದ್ದೆ.

ಒಳ್ಳೆಯ ಕಾಳು ತೋರಿಸೋಣವೆಂದು ಅಂಬಿಕಾ ಕೈಗೆ ಸಿಕ್ಕ ಗಂಟೊಂದನ್ನು ಬಿಚ್ಚಿದಳು. ನೀಲಿ ಚೌಕಳಿಯ ಬಟ್ಟೆ. ಬಿಚ್ಚಿದ ಕೂಡಲೇ ನಾನಿದ್ದಲ್ಲಿಗೂ ವಾಸನೆ ಬಂತು. ಕಾಳುಗಳು ಒಂದಕ್ಕೊಂದು ಅಂಟಿದ್ದವು, ಮೇಲೆ ಹಸಿರು ಬೂದಿ ಉದುರಿದ ಹಾಗೆ.

"ಸುಜಾತಾಂದು," ಎಂದರು ಯಾರೋ.

ಸುಜಾತಾ ಇನ್ನೂ ಬಂದಿರಲಿಲ್ಲ. ಬಾಳೆಗೊನೆ ಲಾರಿಗೆ ತುಂಬುವ ಕೂಲಿಗೆ ಹೋಗಿದ್ದಳು. ಅವಳ ಮನೆ ಊರಾಚೆ, ಬುದ್ಧ ವಿಹಾರದ ಓಣಿಯಲ್ಲಿ. ಆ ಓಣಿಯ ಮುಷ್ಟಿ ಈ ಕಟ್ಟೆಗೆ ಬರತೊಡಗಿದ್ದು ಈಚೆಗೆ. ನೀಲಮ್ಮನವರೇ ಮನೆಮನೆಗೆ ಹೋಗಿ ಕೇಳಿ ತಂದದ್ದು.

"ತಗದು ಬಾಜೂಕ ಇಟ್ಟ ಬಿಡ್ರಿ," ಎಂದಳು ಒಬ್ಬಾಕೆ, ಮೆಲ್ಲಗೆ.

"ಯಾರೂ ಏನೂ ಬಾಜೂಕ ಇಡಬ್ಯಾಡ್ರಿ," ಎಂದರು ನೀಲಮ್ಮ. ಆಮೇಲೆ ಅಂಬಿಕಾಳ ಕಡೆ ತಿರುಗಿ ದನಿ ತಗ್ಗಿಸಿದರು. "ನಾ ಲಗ್ನ ಆಗಿ ಬಂದ ವರ್ಷ ಅಕಿ ಅತ್ತಿ ಮುಷ್ಟಿ ತಂದಿದ್ಳವ್ವ. ಕಟ್ಟಿ ತನಕ ಬಂದಾಕಿನ್ನ 'ನಿಮ್ಮದು ಬ್ಯಾಡ' ಅಂತ ತಿರುಗಿ ಕಳಿಸಿದ್ರು. ನಾ ನೋಡಾಕತ್ತಿದ್ದೆ. ಉಡಿಯೊಳಗಿನ ಶೇಂಗಾ ಹಂಗ ಕಟಗೊಂಡು ಹೋದ್ಳು. ಈಗ ಸೊಸಿದು ತಿರುಗಿ ಕಳಸು ಅಂತೀಯೇನು?"

"ಅಮ್ಮಾ, ಅದರಾಗ ಚಂದ ಕಾಣೂ ಕಾಳನೂ ಹಾಕಾಕ ಬರಂಗಿಲ್ಲ. ಪೂರಾ ಗಂಟ ಕೆಟ್ಟದ. ನಾಳೆ ಉಣ್ಣಾವು ಹುಡುಗುರು."

"ಹುಡುಗುರು ನನಗೂ ಕಾಣ್ತಾವು. ಸುಜಾತಾನೂ ಕಾಣ್ತಾಳ."

ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಅಂಬಿಕಾಳ ಮುಖ ಕೆಂಪಾಗಿತ್ತು. ಸಭೆಯಲ್ಲಿ ವಾದ ಬಂದರೆ ನಾನು ಏನಾದರೊಂದು ಹಳೆಯ ಕತೆ ತೆಗೆದು ನಗಿಸುವವಳು. ಅವತ್ತು ಯಾವ ಕತೆಯೂ ನೆನಪಿಗೆ ಬರಲಿಲ್ಲ. ಎದುರಿನ ಒಳಕಲ್ಲನ್ನೂ ಅದಕ್ಕೆ ಒರಗಿಸಿದ ಒನಕೆಯನ್ನೂ ನೋಡುತ್ತ ಕೂತೆ.

ನೀಲಮ್ಮ ಎದ್ದರು. ನಾವು ತಂದ ತಾಡಪತ್ರಿಯೊಂದನ್ನು ಬಿಚ್ಚಿ ಪಡಸಾಲೆಗೆ ಹಾಸಿದರು. "ಇವತ್ತಿಂದ ಒಂದು ಹೊಸಾ ಪದ್ಧತಿ," ಎಂದು ಗಟ್ಟಿಯಾಗಿ ಹೇಳಿದರು. "ಎಲ್ಲಾರ ಗಂಟೂ ಬಿಚ್ಚೂದು, ಎಲ್ಲಾ ಆರಸೂದು. ಆದ್ರ ಯಾರೂ ತಮ್ಮ ಗಂಟು ತಾವು ಆರಸಂಗಿಲ್ಲ. ತಮ್ಮ ಕಾಳಿಗೆ ಎಲ್ಲಾರೂ ಮಾಫ್ ಮಾಡ್ತೀರಿ, ನನಗ ಗೊತ್ತದ."

ಮೊರಗಳು ಬಂದವು. ಒಬ್ಬರ ಗಂಟು ಇನ್ನೊಬ್ಬರ ಮಡಿಲಿಗೆ ಹೋಯಿತು. ನೀಲಿ ಚೌಕಳಿಯ ಗಂಟನ್ನು ನೀಲಮ್ಮ ತಾವೇ ಎಳೆದುಕೊಂಡು ಕೂತರು.

ಸುಜಾತಾ ಬಂದದ್ದು ಆಗ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹೆಗಲ ಮೇಲೆ ಬಾಳೆಯ ಕರೆ. ಹೊಸ್ತಿಲ ಬಳಿ ನಿಂತವಳಿಗೆ ನೀಲಮ್ಮ ತಮ್ಮ ಗಂಟನ್ನೇ ಸರಿಸಿದರು. "ಬಾ, ಕೂಡು. ನಂದು ಆರಸು. ನನಗ ಕಣ್ಣು ಕಾಣಂಗಿಲ್ಲ."

"ಮಂದಿ ತಪ್ಪು ಕಾಣಾಕ ನಿನಗ ಚಾಳೀಸ ಬೇಕಿಲ್ಲಲ್ಲ ಯಕ್ಕಾ," ಎಂದಳು ಸುಜಾತಾ. ಎಲ್ಲರೂ ನಕ್ಕರು, ಆದರೆ ಆ ನಗೆ ಬೇಗ ಮುಗಿಯಿತು, ಅವಳಿಗೂ ಅದು ತಿಳಿಯಿತೆಂದು ತೋರುತ್ತದೆ. ಕೂತು ಕಾಳು ಹರಡಿದಳು. ನೀಲಮ್ಮನವರ ಶೇಂಗಾದಲ್ಲೂ ಕಪ್ಪಾದವೂ ಸುರುಟಿದವೂ ಇದ್ದವು. ಒಂದನ್ನು ಎತ್ತಿ, ಒಗೆಯಲೋ ಬೇಡವೋ ಎಂಬಂತೆ ತಡೆದಳು.

"ಒಗಿ! ನನ್ನ ಮಾರಿ ಏನ್ ನೋಡ್ತಿ?" ಎಂದರು ನೀಲಮ್ಮ.

ಅವಳು ಒಗೆದಳು. ಆಮೇಲೆ ಇನ್ನೊಂದು, ಮತ್ತೊಂದು. ಎಲ್ಲರ ಮೊರದಿಂದಲೂ ಕೆಟ್ಟ ಕಾಳು ಮೂಲೆಯ ಬುಟ್ಟಿಗೆ ಬೀಳತೊಡಗಿದವು. ಸೇರುಗಟ್ಟಲೆ ತಂದ ಮನೆಯದೂ ಬಿತ್ತು. "ನಮ್ಮ ಶೇಂಗಾಕ್ಕೇನಾಗ್ಯಾದ?" ಎಂದು ಒಬ್ಬಾಕೆ ಮುನಿದಳು, ಪಕ್ಕದವಳು ಕೆಟ್ಟ ಕಾಳನ್ನು ಅವಳ ಮೂಗಿಗೇ ಹಿಡಿದಳು. ಅಲ್ಲಿಗೆ ಜಗಳ ಮುಗಿಯಿತು.

ಆದರೆ ನೀಲಮ್ಮನವರ ಮೊರದಲ್ಲಿ ಉಳಿಯುವಂಥದ್ದು ಏನೂ ಇರಲಿಲ್ಲ. ಅವರ ಬೆರಳು ಬರಿದೆ ಓಡಾಡುತ್ತಿತ್ತು. ಸುಜಾತಾಳ ಕಣ್ಣು ಅಲ್ಲಿದ್ದ ತನ್ನ ಗಂಟಿನ ನೀಲಿ ಬಟ್ಟೆಯ ಮೇಲೆ ಬಿತ್ತು. ಅವಳು ಮೊರ ಕೆಳಗಿಟ್ಟಳು.

"ನಂದು ಕೆಟ್ಟದಲ್ರಿ ಮೇಡಂ?"

ಅಂಬಿಕಾ ಎದ್ದು ಹೋಗಿ ಅವಳ ಎದುರಿಗೆ ಕೂತಳು. "ಹೌದಕ್ಕ. ಪೂರಾ ಕೆಟ್ಟದ. ನಿಮ್ಮ ಮನ್ಯಾಗ ಉಳಿದದ್ದೂ ತಿನಬ್ಯಾಡ್ರಿ. ಚೀಲ ಎಲ್ಲಿಟ್ಟಿದ್ರಿ?"

"ನೆಲದ ಮ್ಯಾಲ. ಗೊಬ್ಬರದ ಚೀಲದಾಗ. ಮಳಿ ಬಂತಂತ ಬಾಯಿ ಬಿಗದು ಕಟ್ಟಿದ್ದೆ."

"ಅದಕ್ಕೇ ಉಸುರು ಕಟ್ಟಿ ಮುಗ್ಗ್ಯಾದ. ನೀವು ಕಾಪಾಡಾಕ ಅಂತ ಕಟ್ಟೀರಿ. ತಪ್ಪು ನಿಮ್ಮ ಮನಸಿಂದಲ್ಲ."

ಸುಜಾತಾ ತಲೆಯಾಡಿಸಿದಳು. ಯಾರ ಕಡೆಯೂ ನೋಡಲಿಲ್ಲ. "ಹಂಗಾದ್ರ ನಾಳಿ ಗುಡ್ಡಿಯೊಳಗ ನಮ್ಮ ಮನಿದು ಇಲ್ಲ," ಎಂದಳು. ಕೇಳಿದಳೋ ಹೇಳಿದಳೋ ತಿಳಿಯಲಿಲ್ಲ.

ಸುಜಾತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕಾಳು ಇಲ್ಲಂದ್ರ ಇಲ್ಲ. ಕೈ ಅವ. ಚಟ್ನಿ ನಾ ಕುಟ್ತೀನಿ."

ಹೊರಗಿನವರಿಗೆ ಇದು ಸಣ್ಣ ಮಾತು. ಅಲ್ಲಿ ಕೂತವರಿಗೆ ಅಲ್ಲ. ಆ ಓಣಿಯಿಂದ ಹುರಿಯದ ಕಾಳು ತೆಗೆದುಕೊಳ್ಳುವುದು ಒಂದು. ಆ ಓಣಿಯ ಕೈ ಕುಟ್ಟಿದ ಚಟ್ನಿಯನ್ನು ಊರಿಗೆಲ್ಲ ಬಡಿಸುವುದು ಇನ್ನೊಂದು. ಮೊರದ ಸಪ್ಪಳ ನಿಂತಿತು. "ಮಂದಿ ಏನಂತಾರೋ..." ಎಂದಳು ಮೊದಲು ಬಾಜೂಕ ಇಡಿ ಎಂದಿದ್ದಾಕೆ.

"ಮಂದಿ ಉಣ್ಣಾಕ ಬರ್ತಾರ, ಅನ್ನಾಕ ಅಲ್ಲ," ಎಂದರು ನೀಲಮ್ಮ. ಮೊಣಕಾಲು ಹಿಡಿದು ಎದ್ದು, ಒನಕೆಯನ್ನು ತಂದು ಸುಜಾತಾಳ ಕೈಗಿಟ್ಟರು. "ಉಪ್ಪು ಹೆಚ್ಚು ಮಾಡಿದೆಂದ್ರ ನನ್ನ ಹೆಸರು ಕೆಡ್ತದ, ನೆನಪಿಟಗೋ."

"ನಿನ್ನ ಹೆಸರು ನಿನ್ನ ಕರಿ ಚಟ್ನಿಯಿಂದ ಹೋದ ಅಮಾಸಿಗೇ ಕೆಟ್ಟದ ಯಕ್ಕಾ."

ಈ ಸಲ ನಗೆ ಬೇಗ ಮುಗಿಯಲಿಲ್ಲ.

ಆರಿಸಿದ ಕಾಳನ್ನು ನೀಲಮ್ಮ ಹದವಾಗಿ ಹುರಿದರು, ಸುಜಾತಾ ಕುಟ್ಟಿದಳು. ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು. ಒಳಕಲ್ಲಿನಿಂದ ಎದ್ದ ಘಾಟಿಗೆ ನಾನು ಸೀನಿದೆ. ಮಧ್ಯಾಹ್ನ ಬಿಸಿ ರೊಟ್ಟಿಯ ಮೇಲೆ ಆ ಚಟ್ನಿ, ಮೇಲೊಂದಿಷ್ಟು ಕುಸುಬಿ ಎಣ್ಣೆ ಹಾಕಿಕೊಟ್ಟರು. ಪಡಸಾಲೆಯಲ್ಲಿದ್ದವರೆಲ್ಲ ತಿಂದರು. ಒಬ್ಬಾಕೆ ಮಾತ್ರ, ಹೊಟ್ಟೆ ತುಂಬಿದೆ ಎಂದು ಹೇಳಿ ರೊಟ್ಟಿಯನ್ನು ಪಲ್ಯಕ್ಕೆ ಹಚ್ಚಿಕೊಂಡಳು. ಯಾರೂ ಒತ್ತಾಯ ಮಾಡಲಿಲ್ಲ. ಬುಟ್ಟಿಯ ಕೆಟ್ಟ ಕಾಳನ್ನು ದನಕ್ಕೂ ಹಾಕದೆ, ಕೋಳಿಗೂ ಹಾಕದೆ, ಹಿತ್ತಲಲ್ಲಿ ಗುಂಡಿ ತೋಡಿ ಹೂಳಿಸಿದ ಮೇಲೆಯೇ ಅಂಬಿಕಾ ಕೈ ತೊಳೆದಳು.

ಸಂಜೆಯ ಬಸ್ಸಿಗೆ ಮುಂಚೆ ನನಗೆ ಕೆಂಪು ಬಾಳೆ ಸಿಕ್ಕಿತು. ಸುಜಾತಾಳೇ ಗಾಡಿಯವನೊಡನೆ ಜಗಳವಾಡಿ ಒಳ್ಳೆಯ ಚಿಪ್ಪು ತೆಗೆಸಿಕೊಟ್ಟಳು. ಅವಳ ಹೆಗಲ ಮೇಲೆ ಅಂಬಿಕಾ ಕೊಟ್ಟ ಒಂದು ತಾಡಪತ್ರಿಯಿತ್ತು. ಬಸ್ಸು ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ. ತಾಡಪತ್ರಿಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ತನ್ನ ಓಣಿಯ ಕಡೆ ಹೊರಟಿದ್ದಳು. ಜಗತ್ ಸರ್ಕಲ್ಲಿನ ದೀಪಗಳು ಕಂಡಾಗ ಅಂಬಿಕಾ, "ಪೂರಾ ಗಂಟ ಕೆಟ್ಟದ ಅಂತ ಅಷ್ಟು ಬಿರುಸಾಗಿ ಹೇಳಬಾರದಿತ್ತೇನೋ ದೊಡ್ಡವ್ವ," ಎಂದಳು. "ಹೇಳದೇ ಇದ್ದಿದ್ರ ಅಕಿ ಒನಕಿ ಕೇಳ್ತಿದ್ದಿಲ್ಲ," ಎಂದೆ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು.

ಧಾರವಾಡಕ್ಕೆ ಬಂದ ಮೇಲೆ ಅವಳ ಫೋನು ಬಂತು. ಆ ಅಮಾವಾಸ್ಯೆಗೆ ಎರಡು ಮನೆಯವರು ಚಟ್ನಿ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರಂತೆ. ಉಳಿದವರು ಉಂಡರಂತೆ. ಮರುತಿಂಗಳು ಮತ್ತೆ ಫೋನು ಮಾಡಿದಳು: ಈ ಅಮಾವಾಸ್ಯೆಗೆ ಸುಜಾತಾ ತಡವಾಗಿ ಕಿತ್ತು ತಾಡಪತ್ರಿಯ ಮೇಲೆ ಒಣಗಿಸಿದ ಶೇಂಗಾವನ್ನು ಅದೇ ನೀಲಿ ಚೌಕಳಿಯ ಬಟ್ಟೆಯನ್ನು ಒಗೆದು ಅದರಲ್ಲಿ ಕಟ್ಟಿಕೊಂಡು ಬಂದಳು. ನೀಲಮ್ಮ ಅದನ್ನು ಆರಿಸಿದರು. ಒಂದೆರಡು ಕಾಳು ತೆಗೆದು ಬುಟ್ಟಿಗೆ ಒಗೆದರು, ಉಳಿದದ್ದನ್ನು ಗುಡ್ಡೆಗೆ ಸುರಿದರು. ಅವತ್ತೂ ಕುಟ್ಟಿದ್ದು ಸುಜಾತಾಳೇ.