ಡೈರಿಯವನ ನಂಬರು

ಹೊಳೆನರಸೀಪುರದ ಆಸ್ಪತ್ರೆ ಕೌಂಟರಿನ ಮುಂದೆ ನಿಂತಿದ್ದೆ. ಪಕ್ಕದ ಬೆಂಚಿನಲ್ಲಿ ಅವ್ವ ಹೊಟ್ಟೆ ಅವುಚಿಕೊಂಡು ಕೂತಿದ್ದಳು. ಪಿತ್ತಕೋಶದಲ್ಲಿ ಕಲ್ಲು, ನಾಳೆ ಬೆಳಿಗ್ಗೆಯೇ ಆಪರೇಷನ್. ಐದು ಗಂಟೆಯೊಳಗೆ ಸರ್ಕಾರದ ಆರೋಗ್ಯ ಕಾರ್ಡು ಕಂಪ್ಯೂಟರಿಗೆ ಏರದಿದ್ದರೆ ಅವ್ವನ ಸರದಿ ಬೇರೆಯವರಿಗೆ ಹೋಗುತ್ತದೆ ಎಂದು ಕೌಂಟರಿನ ಹುಡುಗಿ ಹೇಳಿಬಿಟ್ಟಿದ್ದಳು. ಆಗಲೇ ನಾಲ್ಕು ದಾಟಿತ್ತು.

ಆಧಾರ್‌ಗೆ ಕೊಟ್ಟಿರುವ ನಂಬರಿಗೆ ಓಟಿಪಿ ಹೋಗಿದೆ, ಹೇಳಿ ಎಂದಳು. ನನ್ನ ಫೋನು ಸದ್ದು ಮಾಡಲಿಲ್ಲ, ಅವ್ವನದೂ ಇಲ್ಲ. ಅವ್ವ ತಣ್ಣಗೆ ಬಾಯಿಬಿಟ್ಟಳು. ಆಧಾರ್ ಮಾಡಿಸುವಾಗ ಹಳ್ಳಿಮೈಸೂರಿನ ಪಕ್ಕದ ನಮ್ಮೂರಲ್ಲಿ ಇಡೀ ಬೀದಿಯೇ ಹಾಲಿನ ಡೈರಿ ಸೆಕ್ರೆಟರಿಯ ನಂಬರು ಕೊಟ್ಟಿತ್ತಂತೆ. ಎರಡು ಹೊತ್ತೂ ಹಾಲು ಹಾಕಲು ಅಲ್ಲಿಗೇ ಹೋಗುತ್ತಾರಲ್ಲ, ಮೆಸೇಜು ಬಂದರೆ ಅವನೇ ಓದಿ ಹೇಳಲಿ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು.

ಅವನಿಗೆ ಫೋನ್ ಮಾಡಿದೆ. ಓಟಿಪಿ ಬಂದಿದೆ, ಹೇಳುವುದಿಲ್ಲ ಎಂದ. ಯಾರು ಕೇಳಿದರೂ ಕೊಡಬೇಡಿ ಎಂದು ಪೊಲೀಸರು ಡೈರಿ ಮುಂದೆಯೇ ಸಭೆ ಮಾಡಿ ಹೇಳಿದ್ದರಂತೆ. ಬೇಡಿಕೊಂಡೆ, ಬೈದೆ. ವಿಡಿಯೋದಲ್ಲಿ ಅವ್ವನನ್ನು ತೋರಿಸೋಣವೆಂದರೆ ಅವನದು ಬಟನ್ ಫೋನು. ಕೊನೆಗೆ ಸ್ಪೀಕರ್ ಹಾಕಿ ಫೋನನ್ನು ಅವ್ವನ ಕೈಗೇ ಕೊಟ್ಟೆ.

"ಈಗ ದನೀನೂ ಕದೀತಾರಂತೆ ಕಣಕ್ಕ. ಮಖ ನೋಡ್ದೆ ಏಳಾಕಿಲ್ಲ. ನಾನೇ ಬತ್ತೀನಿ ಇರು," ಎಂದ.

ಲೈನು ಕಟ್ಟಾಯಿತು. ಅವ್ವನಿಗೆ ನೋವು ಏರುತ್ತಲೇ ಇತ್ತು. ನಾನು ಗಡಿಯಾರ ನೋಡುವುದು, ಬಾಗಿಲು ನೋಡುವುದು. ಹುಡುಗಿ ಮನೆಗೆ ಹೊರಡಲು ತನ್ನ ಬ್ಯಾಗು ಎತ್ತಿ ಮೇಜಿನ ಮೇಲಿಡುವ ಹೊತ್ತಿಗೆ ಬೈಕು ನಿಂತ ಸದ್ದಾಯಿತು. ಡೈರಿಯವನು ಸಂಜೆಯ ಹಾಲು ಅಳೆಯುವುದನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಅವ್ವನ ಮುಖ ನೋಡಿದ. ಹುಡುಗಿ ಮತ್ತೆ ಓಟಿಪಿ ಕಳಿಸಿದಳು. ಅವನು ಬಗ್ಗಿ ಅವ್ವನ ಕಿವಿಯಲ್ಲಿ ಹೇಳಿದ. ಅವ್ವ ಅದನ್ನು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿ ಹೇಳಿದಳು. ಕಾರ್ಡು ಏರಿತು.

ಇನ್ನಾದರೂ ಆಧಾರ್ ಸೆಂಟರಿಗೆ ಹೋಗಿ ಮಗಳ ನಂಬರು ಹಾಕಿಸಿಕೊಳ್ಳಿ ಎಂದು ಹುಡುಗಿ ಬುದ್ಧಿ ಹೇಳಿದಳು. ಅವ್ವ ಎದ್ದು ಓಡಾಡುವಂತಾದ ಕೂಡಲೇ ಮಾಡಿಸುತ್ತೇನೆ ಎಂದೆ.

"ಬ್ಯಾಡ, ಅವನ್ದೇ ಇರ್ಲಿ," ಎಂದಳು ಅವ್ವ. "ನೀನು ಪೋನೇ ಎತ್ತಾಕಿಲ್ಲ."

ಡೈರಿಯವನು ಕಿಟಕಿಯ ಕಡೆ ನೋಡಿದ. ನಾನು ಫೋನನ್ನು ಬ್ಯಾಗಿಗೆ ಹಾಕಿಕೊಂಡೆ. ಹಿಂದಿನ ದಿನ ಅವ್ವ ಮಾಡಿದ್ದ ಕರೆಗಳು ಅದರಲ್ಲಿ ಹಾಗೇ ಕೆಂಪಗೆ ಕೂತಿದ್ದವು.