ಅಲುಗಾಡದ ಮೊಣಕಾಲು

ಕೊಚ್ಚಿಯ ವೈಟ್ಟಿಲ ಜಂಕ್ಷನ್ನಿನ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ನಗುತ್ತಿರುವ ಆ ಬಿಳಿ ಮುಖ ರಾಜೀವಿಯದಲ್ಲ. ಕಾಸರಗೋಡಿನ ರಾಜೀವಿ ಕಪ್ಪಗಿದ್ದಳು. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ.

ಚರ್ಮ ಕೊಯ್ಯದೆ, ಬರೀ ಬೆಳಕು ಹಾಯಿಸಿ ಮೊಣಕಾಲಿನೊಳಗಿನ ಮೃದ್ವಸ್ಥಿ ಎಷ್ಟು ಸವೆದಿದೆಯೆಂದು ತೋರಿಸುವ ಯಂತ್ರವೊಂದು ಅಲ್ಲಿನ ಪ್ರಯೋಗಾಲಯದಲ್ಲಿ ತಯಾರಾಗುತ್ತಿತ್ತು. ಅದನ್ನು ಜನರ ಮೇಲೆ ಪರೀಕ್ಷಿಸುವುದು ರಾಜೀವಿಯ ಕೆಲಸ. ಕಾಲೇಜು ಹುಡುಗರ ಮೊಣಕಾಲುಗಳು ಪರದೆಯ ಮೇಲೆ ಚೆನ್ನಾಗಿ ಮೂಡಿದವು. ಅಂಬಲಮುಗಳ್‌ನ ಬಿಸಿಲಲ್ಲಿ ಕಟ್ಟಡಗಳಿಗೆ ಸಾರುವೆ ಕಟ್ಟುವ ಕೂಲಿಗಳವು ಮಸಿ ಎರಚಿದಂತೆ ಬಂದವು.

"ಏನವ್ವಾ, ನನ್ ಮಂಡಿ ಬಿತ್ತಾ ಫೋಟೋದಾಗೆ?" ಎಂದ ಅವರಲ್ಲೊಬ್ಬ, ಮಂಡ್ಯ ಕಡೆಯ ಚಿಕ್ಕಣ್ಣ. ಅವನಿಗೆ ಏಣಿ ಹತ್ತುವುದೇ ಕಷ್ಟವಾಗಿತ್ತು.

"ಬೀಳಲಿಲ್ಲ ಅಣ್ಣ. ತಪ್ಪು ನಿಮ್ಮದಲ್ಲ."

ಯಂತ್ರ ರೂಪಿಸುತ್ತಿದ್ದ ಅವಳ ಮಾರ್ಗದರ್ಶಕ ಗಣಪತಿಯವರಿಗೆ ತಪ್ಪು ಚಿಕ್ಕಣ್ಣನದೇ ಆಗಬೇಕಿತ್ತು. "ಕೂಲಿಗಳು ಕಣಮ್ಮ, ನೆಟ್ಟಗೆ ಕೂರಲ್ಲ. ಅಲ್ಲಾಡಿದವರನ್ನೆಲ್ಲ ಲೆಕ್ಕದಿಂದ ತೆಗೆದುಹಾಕು."

"ಅವರು ಅಲುಗಾಡಿದ್ದಲ್ಲ ಸರ್, ಹತ್ತಿರವೇ ಕೂತದ್ದು ನಾನು. ಕಪ್ಪು ಚರ್ಮ ಬೆಳಕನ್ನು ಹೀರಿಬಿಡ್ತದೆ. ಅದನ್ನು ಮುಚ್ಚಿಟ್ಟರೆ ನಾಳೆ ಆಸ್ಪತ್ರೆಯಲ್ಲಿ ಇವರ ಕಾಲಿಗೆ ಸುಳ್ಳು ಉತ್ತರ ಸಿಗ್ತದೆ."

"ಯಂತ್ರ ನಿನ್ನದಾ ನನ್ನದಾ?"

"ಯಂತ್ರ ನಿಮ್ಮದೇ. ಮೊಣಕಾಲು ಅವರದ್ದಲ್ಲವಾ?"

ಗಣಪತಿ ಆ ಕೂಲಿಗಳನ್ನು ತಾವೇ ಅಳಿಸಿದರು. ಅಲ್ಲಿಂದ ಮುಂದೆ ಇಬ್ಬರ ನಡುವೆ ಮಾತೆಂದರೆ ಮುಳ್ಳು.

ಯಂತ್ರವನ್ನು ಆಸ್ಪತ್ರೆಗಳಿಗೆ ಕೊಡಬಹುದೇ ಎಂದು ತೀರ್ಮಾನಿಸುವ ಸಮಿತಿ ತಿರುವನಂತಪುರದಲ್ಲಿ ಸೇರಿತು. ತೋರಿಸಲೆಂದು ಗಣಪತಿ ಬೆಳ್ಳಗಿನ ವಿದ್ಯಾರ್ಥಿಯೊಬ್ಬನನ್ನು ಕರೆತಂದಿದ್ದರು. ಅವನಿಗಿಂತ ಮೊದಲೇ ರಾಜೀವಿ ಹೋಗಿ ಕುರ್ಚಿಯಲ್ಲಿ ಕೂತು, ಮೊಣಕಾಲಿನ ಮೇಲಿನ ಬಟ್ಟೆ ಸರಿಸಿದಳು. ಪರದೆಯ ಮೇಲೆ ಮಸಿ.

"ಅಲ್ಲಾಡ್ತಿದ್ದೀಯ!" ಗಣಪತಿ ಹಲ್ಲು ಕಡಿದರು.

"ಹಾಗಾದ್ರೆ ನೀವೇ ಬಂದು ನನ್ನ ಕಾಲು ಹಿಡ್ಕೊಳ್ಳಿ ಸರ್."

ಅವರು ಕದಲಲಿಲ್ಲ. ಸಮಿತಿಯ ವೈದ್ಯೆ ಮೇರಿ ಎದ್ದು ಬಂದು ಎರಡೂ ಕೈಯಲ್ಲಿ ಕಾಲನ್ನು ಬಿಗಿಹಿಡಿದರು. ಮಸಿ ಹಾಗೆಯೇ ಇತ್ತು. "ಇಂಥ ಬೇರೆ ಕಾಲುಗಳ ಚಿತ್ರಗಳು ಎಲ್ಲಿ?" ಎಂದರು ಮೇರಿ. ರಾಜೀವಿ ಗಣಪತಿಯವರತ್ತ ಬೊಟ್ಟು ಮಾಡಿದಳು.

ಯಂತ್ರಕ್ಕೆ ಒಪ್ಪಿಗೆ ಸಿಗಲಿಲ್ಲ. ರಾಜೀವಿಗೆ ಪ್ರಯೋಗಾಲಯದ ಬಾಗಿಲೂ ಮುಚ್ಚಿತು. ಅದೇ ಮಳೆಗಾಲದಲ್ಲಿ ಎರ್ನಾಕುಲಂನಲ್ಲಿ ಇಲಿಜ್ವರ ಬಂದು ತೀರಿಕೊಂಡಳು.

ಫ್ಲೆಕ್ಸ್ ಹಾಕಿಸಿದವರು, ಅವಳ ಫೋಟೋವನ್ನು ಬೆಳ್ಳಗೆ ತಿದ್ದಿಸಿದವರು ಗಣಪತಿ. ಕೆಳಗೆ ಅವರ ಹೆಸರು ಅವಳ ಹೆಸರಿಗಿಂತ ದೊಡ್ಡದಾಗಿದೆ. ಸುದ್ದಿ ಕೇಳಿ ಚಿಕ್ಕಣ್ಣ ಕುಂಟುತ್ತ ವೈಟ್ಟಿಲಕ್ಕೆ ಬಂದ. ಅವನಿಗೆ ಮಲಯಾಳಂ ಓದಲು ಬಾರದು. ಆ ಬಿಳಿ ಮುಖದ ಕೆಳಗೇ ನಿಂತು, ಸುತ್ತ ನೋಡಿ ಕೇಳಿದ:

"ನಮ್ ರಾಜೀವಮ್ಮನ ಫೋಟೋ ಎಲ್ಲಿ ಹಾಕವ್ರೆ?"